ಹೈವೇ ಬದಿಯ ಜನರ ಓಡಾಟದ ಕಷ್ಟ ಬರೆದುಕೊಳ್ಳುವುದು ಹೇಗೆ: ಪುಣೆ–ಸೊಲ್ಲಾಪುರ ರಸ್ತೆಯವರಿಗೆ ಮಾರ್ಗದರ್ಶಿ

ಪುಣೆ ಸುತ್ತಮುತ್ತ ಇರುವ ನಮ್ಮ ಕನ್ನಡದವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಹಡಪ್ಸರ್ ದಾಟಿ ಲೋಣಿ ಕಾಳಭೋರ್, ಉರುಳಿ ಕಾಂಚನ್, ಯವತ್, ಚೌಫುಲಾ, ಪಾಟಸ್, ಕುರ್ಕುಂಭ್, ಭಿಗವಣ್, ಇಂದಾಪುರ ಅಂತ ಹೋಗುವ ರಸ್ತೆಯಲ್ಲಿ ದಿನಾ ಓಡಾಡುವವರು ಅವರು. ಬಸ್ ನಿಲ್ಲಿಸಲ್ಲ, ದಾಟುವುದಕ್ಕೆ ಜಾಗ ಇಲ್ಲ, ಸರ್ವಿಸ್ ರೋಡ್ ಅರ್ಧಕ್ಕೇ ನಿಂತಿದೆ, ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಅನ್ನುವುದು ಪ್ರಶ್ನೆ. ಒಬ್ಬೊಬ್ಬರಿಗೇ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಪುಣೆ–ಸೊಲ್ಲಾಪುರ ರಸ್ತೆಯನ್ನು ಹಿಡಿದು ಹೇಳಿದ್ದೇನೆ, ಆದರೆ ಸಾತಾರಾ ಕಡೆಯ 48ನೇ ಹೆದ್ದಾರಿಯವರಿಗೂ, ಗೋವಾ ರಸ್ತೆಯವರಿಗೂ ಬಹುಪಾಲು ಇದೇ ದಾರಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಜನರನ್ನು "ನಿಮಗೇನು ಬೇಕು" ಅಂತ ಕೇಳಬೇಡಿ, "ನಿನ್ನೆ ಹೇಗೆ ಹೋದಿರಿ" ಅಂತ ಕೇಳಿ. ಏನು ಬೇಕು ಅಂದರೆ ಹತ್ತರಲ್ಲಿ ಎಂಟು ಜನ ಫ್ಲೈಓವರ್ ಅನ್ನುತ್ತಾರೆ. ನಿನ್ನೆ ಹೇಗೆ ಹೋದಿರಿ ಅಂದರೆ ಎಷ್ಟು ಗಂಟೆಗೆ ಹೊರಟರು, ಎಲ್ಲಿ ದಾಟಿದರು, ಎಷ್ಟು ಹೊತ್ತು ಕಾದರು, ಎಷ್ಟು ದುಡ್ಡು ಕೊಟ್ಟರು ಎಲ್ಲವೂ ತಾನಾಗಿ ಬರುತ್ತದೆ. ಅಧಿಕಾರಿಯ ಟೇಬಲ್ ಮೇಲೆ ನಿಲ್ಲುವುದು ಈ ಎರಡನೆಯದು ಮಾತ್ರ.

ಬೇಕಾಗುವುದು ಜಾಸ್ತಿ ಏನಿಲ್ಲ. ನಾಲ್ಕರಿಂದ ಆರು ಜನ, ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರು. ಮರಾಠಿಯನ್ನು ಚೆನ್ನಾಗಿ ಬರೆಯಬಲ್ಲ ಒಬ್ಬರು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಮಾತು ಬಲ್ಲವರು, ಸಾಧ್ಯವಾದರೆ ಲಂಬಾಣಿ ಬರುವವರೊಬ್ಬರು. ಬರೆಯುವ ಪ್ಯಾಡು, ಪೆನ್ನು, ಗಡಿಯಾರ, ನಕಾಶೆ ಇರುವ ಮೊಬೈಲು, ರಾತ್ರಿ ಹೊಳೆಯುವ ಜಾಕೆಟ್. ಮಾತುಕತೆಗೂ ಎಣಿಕೆಗೂ ಮೂರು ವಾರ ಸಮಯ ಇಟ್ಟುಕೊಳ್ಳಿ.

1. ರಸ್ತೆಯನ್ನು ತುಂಡು ಮಾಡಿ

ಇದು 65ನೇ ರಾಷ್ಟ್ರೀಯ ಹೆದ್ದಾರಿ, ಹಳೆಯ 9ನೇ ನಂಬರಿನದು. ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ದಾಟಿ ಮಚಲೀಪಟ್ಟಣದವರೆಗೆ ಹೋಗುತ್ತದೆ. ಇಡೀ ರಸ್ತೆಯನ್ನು ಹಿಡಿದರೆ ಯಾರಿಗೂ ಏನೂ ಆಗುವುದಿಲ್ಲ. 15–20 ಕಿಲೋಮೀಟರಿನ ಒಂದು ತುಂಡು ಸಾಕು. ಲೋಣಿಯಿಂದ ಯವತ್ ಕಡೆಗೆ ಒಂದು, ಪಾಟಸ್‌ನಿಂದ ಭಿಗವಣ್ ಕಡೆಗೆ ಇನ್ನೊಂದು, ಹೀಗೆ.

ಆಮೇಲೆ ಆ ತುಂಡನ್ನು ಒಮ್ಮೆ ಹಗಲಲ್ಲಿ, ಒಮ್ಮೆ ಕತ್ತಲಾದ ಮೇಲೆ ನೋಡಿ ಬನ್ನಿ. ಜನ ನಿಲ್ಲುವ ಜಾಗ, ದಾಟುವ ಜಾಗ, ಡಿವೈಡರ್ ಒಡೆದು ದಾರಿ ಮಾಡಿಕೊಂಡಿರುವ ಕಡೆ, ಊರಿಗೆ ತಿರುಗುವ ಫಾಟಾ, ಎಲ್ಲವನ್ನೂ ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಗುರುತು ಹಾಕಿ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು ತಲೆ. ಎಂಜಿನಿಯರುಗಳು ಈ ಲೆಕ್ಕಕ್ಕೆ "ಚೈನೇಜ್" ಅನ್ನುತ್ತಾರೆ, ಅಂದರೆ ರಸ್ತೆ ಶುರುವಾದ ಕಡೆಯಿಂದ ಆ ಜಾಗ ಎಷ್ಟು ದೂರ ಅನ್ನುವುದು. "ಫಲಾನಾ ಧಾಬಾದ ಎದುರು" ಅಂತ ಬರೆದರೆ ಧಾಬಾದ ಹೆಸರು ಬದಲಾದ ದಿನ ನಿಮ್ಮ ದೂರೂ ಕಾಣೆಯಾಗುತ್ತದೆ.

ಒಂದು ಎಚ್ಚರಿಕೆ. ರಸ್ತೆಯ ಮೇಲೆ ನಿಂತು ಗಾಡಿಗಳನ್ನು ತಡೆದು ಪ್ರಶ್ನೆ ಕೇಳಬೇಡಿ. ಗಾಡಿ ನಿಲ್ಲಿಸುವುದು ಪೊಲೀಸರ ಕೆಲಸ. ನಿಮ್ಮ ಮಾತುಕತೆ ಎಲ್ಲವೂ ನಿಲ್ದಾಣ, ಚಹಾ ಅಂಗಡಿ, ಫಾಟಾದ ಒಳಬದಿಯಲ್ಲೇ ಆಗಲಿ.

2. ಯಾರ ಕೈಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಹೆಚ್ಚಿನ ಮನವಿಗಳು ಸಾಯುವುದು ಇಲ್ಲೇ. ಬಸ್ಸಿನ ದೂರನ್ನು ರಸ್ತೆಯವರಿಗೆ ಕೊಡುತ್ತಾರೆ, ರಸ್ತೆಯದನ್ನು ಪಂಚಾಯ್ತಿಗೆ ಕೊಡುತ್ತಾರೆ.

ಮುಖ್ಯ ರಸ್ತೆ, ಅದರ ಸರ್ವಿಸ್ ರೋಡ್, ಅಂಡರ್‌ಪಾಸ್, ಡಿವೈಡರ್ ಇವೆಲ್ಲ ಸಾಮಾನ್ಯವಾಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಅದಕ್ಕೆ ಪ್ರತಿ ಭಾಗಕ್ಕೂ ಒಂದು ಸ್ಥಳೀಯ ಕಚೇರಿ ಇರುತ್ತದೆ, ಪಿಐಯು ಅನ್ನುತ್ತಾರೆ. ಅಲ್ಲಿನ ಮುಖ್ಯಸ್ಥರು ಪ್ರಾಜೆಕ್ಟ್ ಡೈರೆಕ್ಟರ್, ನಿಮ್ಮ ಕಾಗದ ಅವರ ಹೆಸರಿಗೇ ಹೋಗಬೇಕು. ಟೋಲ್ ವಸೂಲಿ ಮಾಡಿ ರಸ್ತೆ ನೋಡಿಕೊಳ್ಳುವ ಗುತ್ತಿಗೆ ಕಂಪನಿಗೆ "ಕನ್ಸೆಷನೇರ್" ಅನ್ನುತ್ತಾರೆ. ಫಾಟಾದಿಂದ ಊರೊಳಗೆ ಹೋಗುವ ರಸ್ತೆ ರಾಜ್ಯದ ಲೋಕೋಪಯೋಗಿ ಇಲಾಖೆಯದ್ದೋ ಜಿಲ್ಲಾ ಪರಿಷತ್ತಿನದ್ದೋ ಆಗಿರುತ್ತದೆ. ಎಸ್.ಟಿ. ಬಸ್ಸು, ಅಂದರೆ ಮಹಾರಾಷ್ಟ್ರ ಸರ್ಕಾರದ ಬಸ್ಸು ನಿಲ್ಲಿಸುವ ವಿಷಯ ಹತ್ತಿರದ ಡಿಪೋ ಮ್ಯಾನೇಜರದ್ದು. ಪುಣೆಗೆ ಹತ್ತಿರದ ಭಾಗದಲ್ಲಿ ಓಡುವ ಸಿಟಿ ಬಸ್ಸು ಪುಣೆಯ ನಗರ ಸಾರಿಗೆ ಸಂಸ್ಥೆ ಪಿಎಂಪಿಎಂಎಲ್‌ನದ್ದು. ಷೇರ್ ಆಟೊ, ವಡಾಪ್ (ತಲೆಗಿಷ್ಟು ಅಂತ ಜನ ತುಂಬಿಕೊಂಡು ಹೋಗುವ) ಜೀಪುಗಳ ಪರವಾನಗಿ ಆರ್‌ಟಿಒ ಹತ್ತಿರ. ಇದಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ತಂಡದ ಎಲ್ಲರ ಕೈಗೂ ಕೊಡಿ.

ತಾಲೂಕು, ಜಿಲ್ಲೆಯ ಗಡಿಯನ್ನೂ ನೋಡಿಕೊಳ್ಳಿ. ಲೋಣಿ, ಉರುಳಿ ಹವೇಲಿ ತಾಲೂಕು. ಯವತ್, ಪಾಟಸ್, ಕುರ್ಕುಂಭ್ ದೌಂಡ್ ತಾಲೂಕು. ಭಿಗವಣ್ ಬರುವುದು ಇಂದಾಪುರ ತಾಲೂಕಿಗೆ. ಇಂದಾಪುರ ಬಿಟ್ಟು ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ, ಅಲ್ಲಿ ಕಲೆಕ್ಟರೇ ಬೇರೆ.

3. ಈಗಾಗಲೇ ಇರುವ ಕಾಗದ ಕೇಳಿ ತರಿಸಿ

ರಸ್ತೆ ಅಗಲ ಮಾಡುವ ಮೊದಲು ಒಂದು ಡಿಪಿಆರ್ ಮಾಡಿರುತ್ತಾರೆ, ಅಂದರೆ ಪೂರ್ತಿ ಯೋಜನಾ ವರದಿ. ಎಷ್ಟು ಗಾಡಿ ಓಡುತ್ತವೆ, ಎಲ್ಲಿ ಅಂಡರ್‌ಪಾಸ್, ಎಲ್ಲಿವರೆಗೆ ಸರ್ವಿಸ್ ರೋಡ್ ಎಲ್ಲವೂ ಅದರಲ್ಲಿರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಬಡತನ ರೇಖೆಯ ಕೆಳಗಿನವರಿಗೆ ಶುಲ್ಕ ಇಲ್ಲ. ತಪ್ಪು ಕಚೇರಿಗೆ ಹಾಕಿದ್ದರೂ ಅವರು 5 ದಿನದಲ್ಲಿ ಸರಿಯಾದ ಕಡೆಗೆ ಕಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ.

ನಮ್ಮವರು ಎಡವುವ ಒಂದು ವಿಷಯ ಇದೆ. ಈ ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ಪುಣೆಯಲ್ಲಿ ಅದು ಮರಾಠಿ. ಕನ್ನಡದಲ್ಲಿ ಬರೆದರೆ ವಾಪಸ್ ಬರಬಹುದು.

ಮೂರೇ ವಿಷಯ ಕೇಳಿ: ನಿಮ್ಮ ತುಂಡಿನಲ್ಲಿ ಮಂಜೂರಾದ ಅಂಡರ್‌ಪಾಸ್, ಪಾದಚಾರಿ ಸೇತುವೆ, ಸರ್ವಿಸ್ ರೋಡ್‌ಗಳ ಪಟ್ಟಿ, ಅದರಲ್ಲಿ ಮುಗಿದಿರುವುದು ಎಷ್ಟು, ಅಲ್ಲಿನ ಬ್ಲ್ಯಾಕ್ ಸ್ಪಾಟ್‌ಗಳ ಪಟ್ಟಿ. ಬ್ಲ್ಯಾಕ್ ಸ್ಪಾಟ್ ಅಂದರೆ ಸುಮ್ನೆ ಅಪಾಯದ ಜಾಗ ಅಂತಲ್ಲ. ಸಾರಿಗೆ ಸಚಿವಾಲಯದ 2015ರ ಲೆಕ್ಕದಲ್ಲಿ ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಈ ಲೆಕ್ಕ ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅಷ್ಟು ಜನ ಬೀಳುವವರೆಗೆ ಆ ಜಾಗ ಪಟ್ಟಿಗೇ ಬರುವುದಿಲ್ಲ. ಕೂದಲೆಳೆಯಲ್ಲಿ ತಪ್ಪಿಸಿಕೊಂಡವರ ಲೆಕ್ಕ ಯಾವ ಕಡತದಲ್ಲೂ ಇರುವುದಿಲ್ಲ, ಹೆದರಿಕೊಂಡು ಎರಡು ಕಿಲೋಮೀಟರ್ ಸುತ್ತಿ ಹೋಗುವ ಮುದುಕಿಯ ಲೆಕ್ಕವೂ ಇರುವುದಿಲ್ಲ. ಅದನ್ನು ನೀವೇ ಬರೆದುಕೊಳ್ಳಬೇಕು.

4. ಯಾರನ್ನು ಕೇಳಬೇಕು

ಇಲ್ಲಿ ಅವಸರ ಮಾಡಬೇಡಿ. ವಾಟ್ಸಾಪ್‌ನಲ್ಲಿ ಒಂದು ಫಾರ್ಮ್ ಹಾಕಿದರೆ ಸಂಜೆಯೊಳಗೆ ನೂರಾರು ಉತ್ತರ ಬರಬಹುದು. ಆದರೆ ಆ ಉತ್ತರಗಳೆಲ್ಲ ಕಾರು, ಬೈಕು, ಸ್ಮಾರ್ಟ್‌ಫೋನ್ ಇರುವವರದ್ದು. ಅವರಿಗೆ ಬೇಕಾಗಿರುವುದು ಬೇಗ ಹೋಗುವ ರಸ್ತೆ. ರಸ್ತೆ ಬದಿಯಲ್ಲಿ ನಿಂತವರಿಗೆ ಬೇಕಾಗಿರುವುದು ಜೀವ ಉಳಿಸಿಕೊಂಡು ದಾಟುವುದು. ಎರಡೂ ಒಂದೇ ಅಲ್ಲ, ಅಲ್ವಾ?

ಇನ್ನೊಂದು ಕಡೆ ಗ್ರಾಮಸಭೆ ಇದೆ. ಅದು ಮತದಾರರ ಪಟ್ಟಿಯಲ್ಲಿ ಇರುವವರ ಸಭೆ. ಕಟ್ಟಡದ ಕೆಲಸಕ್ಕೆ, ಗಾರೆ ಕೆಲಸಕ್ಕೆ ಬಂದು ಉರುಳಿ, ಮಾಂಜರಿ ಕಡೆ ಶೆಡ್ಡಿನಲ್ಲಿ ಇರುವ ನಮ್ಮ ಜನರ ಹೆಸರು ಊರಿನ ಪಟ್ಟಿಯಲ್ಲಿ ಇರುತ್ತದೆ, ಇಲ್ಲಿ ಇರುವುದಿಲ್ಲ. ರಸ್ತೆಯನ್ನು ದಿನಾ ಎರಡು ಸಲ ಕಾಲಲ್ಲಿ ದಾಟುವವರು ಅವರೇ, ಯಾವ ಸಭೆಯಲ್ಲೂ ಬಾಯಿ ಇಲ್ಲದವರೂ ಅವರೇ. ಕನ್ನಡ ಬಲ್ಲ ನಾವು ಈ ಕೆಲಸ ಮಾಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಅವರ ಹತ್ತಿರ ಹೋಗಿ ಅವರದೇ ಮಾತಿನಲ್ಲಿ ಕೇಳುವವರು ಬೇರೆ ಯಾರೂ ಇಲ್ಲ.

ಹಾಗಾಗಿ ಜನರನ್ನು ಗುಂಪು ಮಾಡಿ, ಪ್ರತಿ ಗುಂಪಿನಿಂದ 20–25 ಜನರನ್ನು ಮಾತಾಡಿಸಿ. ಕೂಲಿಯವರು. ಶಾಲೆ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು. ಕುರ್ಕುಂಭ್ ಎಂಐಡಿಸಿಯಂಥ (ಕೈಗಾರಿಕಾ ಪ್ರದೇಶ) ಕಡೆ ಪಾಳಿಯಲ್ಲಿ ದುಡಿಯುವವರು. ಹೊಲದಿಂದ ಮಾರ್ಕೆಟ್ಟಿಗೆ ಸರಕು ಸಾಗಿಸುವ ರೈತರು. ಆಸ್ಪತ್ರೆಗೆ ಹೋಗುವ ವಯಸ್ಸಾದವರು. ಲೋಣಿಯ ಎಣ್ಣೆ ಡಿಪೋಗಳ ಟ್ಯಾಂಕರ್ ಚಾಲಕರು, ವಡಾಪ್ ಓಡಿಸುವವರು. ರಾತ್ರಿ ಊರಿಗೆ ಹೊರಟು ಕಲಬುರಗಿ, ವಿಜಯಪುರದ ಬಸ್ಸಿಗೆ ಬದಿಯಲ್ಲಿ ಕಾಯುವವರು. ಪ್ರತಿ ಗುಂಪಿನಲ್ಲೂ ಅರ್ಧ ಹೆಂಗಸರು ಇರಲಿ. ಚಾಲಕರ ಗುಂಪಿನಲ್ಲಿ ಅದು ಆಗಲಿಕ್ಕಿಲ್ಲ, ಉಳಿದ ಕಡೆ ಹಟ ಹಿಡಿಯಿರಿ.

ಕೂಲಿಯವರನ್ನು ಗುತ್ತಿಗೆದಾರನ ಎದುರು, ಮೇಸ್ತ್ರಿಯ ಎದುರು ಕೇಳಬೇಡಿ. ಅವರು "ಎಲ್ಲಾ ಆರಾಮ ಅದರೀ" ಅಂದುಬಿಡುತ್ತಾರೆ. ಭಾನುವಾರ ಸಂಜೆ ಶೆಡ್ಡಿನ ಹತ್ತಿರವೋ ಬೆಳಿಗ್ಗೆ ಮಜೂರ್ ಅಡ್ಡಾದಲ್ಲೋ (ಕೂಲಿಯವರು ಕೆಲಸಕ್ಕೆ ಕಾಯುವ ಜಾಗ) ಸಿಗುತ್ತಾರೆ. ಹೆಂಗಸರ ಹತ್ತಿರ ಹೆಂಗಸರೇ ಮಾತಾಡಲಿ. ಕತ್ತಲೆಯ ಅಂಡರ್‌ಪಾಸ್, ಶೌಚಾಲಯ, ಬಸ್ಸಿನ ಕಿರುಕುಳ ಇವೆಲ್ಲ ಗಂಡಸರ ಎದುರು ಹೊರಬರುವುದಿಲ್ಲ.

5. ಪ್ರಶ್ನೆಗಳು

ಎಂಟು ಪ್ರಶ್ನೆ ಸಾಕು. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಅವರ ಬಸ್ಸು ಹೋಗುತ್ತದೆ. ಮಾತಾಡುವ ಹಾಗೇ ಬರೆದುಕೊಳ್ಳಿ:

"ಅಕ್ಕಾ, ನಿನ್ನೆ ಎಲ್ಲಿಂದ ಎಲ್ಲಿಗೆ ಹೋಗಿದ್ರಿ?"
"ಮನೆ ಬಿಟ್ಟಾಗ ಎಷ್ಟು ಗಂಟೆ? ಮುಟ್ಟಿದಾಗ?"
"ಹೈವೇವರೆಗೆ ಹೇಗೆ ಬಂದ್ರಿ?"
"ಎಲ್ಲಿ ದಾಟಿದ್ರಿ? ಆ ಜಾಗದಲ್ಲೇ ಯಾಕೆ?"
"ಎಷ್ಟು ಹೊತ್ತು ಕಾದ್ರಿ, ಏನು ಸಿಕ್ತು, ಎಷ್ಟು ಕೊಟ್ರಿ?"
"ವಾಪಸ್ ಬರುವಾಗ ಬೇರೆ ದಾರೀನಾ?"
"ಎಲ್ಲಾದರೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದು ಉಂಟಾ?"
"ಹೋಗಬೇಕಿತ್ತು ಆದರೆ ಹೋಗಲೇ ಇಲ್ಲ, ಹಾಗಾಗಿದ್ದು ಇದೆಯಾ?"

ಕೊನೆಯದನ್ನು ಬಿಡಲೇಬೇಡಿ. ಗಾಡಿ ಎಣಿಸುವ ಯಾವ ಯಂತ್ರವೂ ಮಾಡದೇ ಬಿಟ್ಟ ಪ್ರಯಾಣವನ್ನು ಎಣಿಸುವುದಿಲ್ಲ. ಸಂಜೆ ಬಸ್ಸಿಲ್ಲ ಅಂತ ಹುಡುಗಿಯನ್ನು ಕಾಲೇಜು ಬಿಡಿಸಿದ್ದು, ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಹೋಗಬೇಕಾದವರು ಒಂದೇ ಸಲ ಹೋಗಿದ್ದು, ಇಂಥವು ಹೊರಬರುವುದು ಈ ಪ್ರಶ್ನೆಗೇ.

"ಆ ಜಾಗದಲ್ಲೇ ಯಾಕೆ" ಅನ್ನುವುದೂ ಅಷ್ಟೇ ಮುಖ್ಯ. ಅಂಡರ್‌ಪಾಸ್ ಪಕ್ಕದಲ್ಲೇ ಇದ್ದರೂ ಮೇಲೆ ದಾಟುತ್ತಾರೆ ಅಂತ ಜನರನ್ನು ಬೈಯುವವರು ಬಹಳ. ಕೇಳಿ ನೋಡಿದರೆ ಮಳೆಗಾಲದಲ್ಲಿ ಅಲ್ಲಿ ನೀರು ನಿಂತಿರುತ್ತದೆ, ಇಲ್ಲವೇ ಲೈಟು ಇರುವುದಿಲ್ಲ, ಇಲ್ಲವೇ ಬಸ್ಸು ಅಂಡರ್‌ಪಾಸಿನಿಂದ ದೂರ ನಿಲ್ಲುತ್ತದೆ. ಹಾಗೆಯೇ ವಡಾಪ್ ಖಾಲಿ ಹೋದರೂ ಹೆಂಗಸರು ಎಸ್.ಟಿ.ಗೇ ಕಾಯುತ್ತಾರೆ. 2023ರ ಮಾರ್ಚ್‌ನಿಂದ ಎಸ್.ಟಿ.ಯಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ ಇರುವುದು ಅದಕ್ಕೊಂದು ಕಾರಣ ಇರಬಹುದು. ನೀವೇ ಊಹೆ ಮಾಡಿ ಬರೆಯಬೇಡಿ, ಅವರ ಬಾಯಿಂದ ಬರಲಿ.

"ಇಲ್ಲಿ ಫ್ಲೈಓವರ್ ಬೇಕು ಅನ್ನಿಸಲ್ವಾ?" ಥರದ ಪ್ರಶ್ನೆ ಬೇಡ. ಬಾಯಿಗೆ ಮಾತು ಹಾಕಿದರೆ ಇಡೀ ಕೆಲಸಕ್ಕೆ ಬೆಲೆ ಹೋಗುತ್ತದೆ. ಮಾತು ಟೋಲ್ ಕಡೆಗೆ ಜಾರುವುದೂ ಖಂಡಿತ. ಟೋಲ್ ನಾಕಾದ 20 ಕಿಲೋಮೀಟರ್ ಒಳಗಿನವರಿಗೆ ಸ್ವಂತ ಗಾಡಿಗೆ ತಿಂಗಳ ರಿಯಾಯಿತಿ ಪಾಸ್ ಇದೆ ಅಂತ ತಿಳಿಸಿ ಮುಂದಿನ ಪ್ರಶ್ನೆಗೆ ಹೋಗಿ.

ಹೆಸರು, ಫೋನ್ ನಂಬರ್, ಆಧಾರ್ ಯಾವುದೂ ಬೇಡ. ಊರು, ವಯಸ್ಸಿನ ಅಂದಾಜು, ಹೆಣ್ಣೋ ಗಂಡೋ, ಏನು ಕೆಲಸ, ಇಷ್ಟು ಸಾಕು. ಕಾಗದ ಕೈಯಲ್ಲಿ ಹಿಡಿದು ಬಂದವರನ್ನು ನೋಡಿದರೆ ವಲಸೆ ಬಂದವರಿಗೆ ಭಯ ಆಗುತ್ತದೆ. ಯಾಕೆ ಕೇಳುತ್ತಿದ್ದೀರಿ, ಯಾರಿಗೆ ಕೊಡುತ್ತೀರಿ ಅಂತ ಮೊದಲೇ ಹೇಳಿ. ಫೋಟೊ ಜಾಗದ್ದು ಇರಲಿ, ಮುಖದ್ದು ಬೇಡ.

6. ಎಣಿಸಿ

ಮಾತಿನ ಜೊತೆ ಎಣಿಕೆ ಇದ್ದರೆ ಬಲ ಜಾಸ್ತಿ. ದಾಟುವ ಒಂದು ಜಾಗದಲ್ಲಿ, ರಸ್ತೆಯಿಂದ ದೂರ ಕೂತು, 15 ನಿಮಿಷಕ್ಕೊಂದು ಸಾಲಿನಂತೆ ಎಷ್ಟು ಜನ ದಾಟಿದರು ಅಂತ ಗೀಟು ಹಾಕಿ. ಮಕ್ಕಳು, ಹೆಂಗಸರು, ತಲೆಮೇಲೆ ಹೊರೆ ಇರುವವರು ಬೇರೆ ಬೇರೆ ಕಾಲಂ. ಬೆಳಿಗ್ಗೆ 6ರಿಂದ 10, ಸಂಜೆ 5ರಿಂದ 9, ಜೊತೆಗೆ ಹತ್ತಿರದ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತು. ಎರಡು ಕೆಲಸದ ದಿನ, ಒಂದು ಭಾನುವಾರ, ಒಂದು ಸಂತೆಯ ದಿನ ಸಾಕು.

ದಿನ ಆರಿಸುವಾಗ ಹುಷಾರು. ಆಷಾಢದಲ್ಲಿ ಪಂಢರಪುರಕ್ಕೆ ಹೋಗುವ ಸಂತ ತುಕಾರಾಮರ ಪಾಲಖಿ (ಪಲ್ಲಕ್ಕಿ ಯಾತ್ರೆ) ಇದೇ ರಸ್ತೆಯಲ್ಲಿ ಲೋಣಿ, ಯವತ್ ಮೇಲೆ ಹೋಗುತ್ತದೆ, ಆ ವಾರದ ಎಣಿಕೆ ಮಾಮೂಲಿ ದಿನಕ್ಕೆ ಹೊಂದುವುದಿಲ್ಲ. ದೀಪಾವಳಿಯೂ ಹಾಗೇ. ಆದರೆ ಕಬ್ಬಿನ ಹಂಗಾಮನ್ನು ಬಿಡಬೇಡಿ. ಚಳಿಗಾಲ ಪೂರ್ತಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಈ ರಸ್ತೆಗೆ ಬರುತ್ತವೆ, ರಾತ್ರಿ ಬೈಕಿನವರಿಗೆ ದೊಡ್ಡ ಅಪಾಯ ಅದೇ. ಮಳೆಗಾಲದಲ್ಲಿ ಎಣಿಸಿದವರಿಗೆ ಅದು ಕಾಣುವುದೇ ಇಲ್ಲ.

7. ಊರಿನವರನ್ನು ಜೊತೆ ತೆಗೆದುಕೊಳ್ಳಿ

ನಾವು ಹೊರಗಿನವರು ಅಂತ ದೂರ ನಿಂತರೆ ಕೆಲಸ ಆಗುವುದಿಲ್ಲ. ಸರ್ಪಂಚರನ್ನು (ಪಂಚಾಯ್ತಿ ಅಧ್ಯಕ್ಷರು), ಮೊದಲು ಗ್ರಾಮಸೇವಕ ಅನ್ನುತ್ತಿದ್ದ ಗ್ರಾಮ ಪಂಚಾಯ್ತಿ ಅಧಿಕಾರಿಯನ್ನು ಶುರುವಿನಲ್ಲೇ ಭೇಟಿ ಮಾಡಿ, ಮರಾಠಿಯಲ್ಲಿ ಒಂದು ಪುಟದ ಪತ್ರ ಕೊಡಿ. ಮಹಾರಾಷ್ಟ್ರದಲ್ಲಿ ಸಾಮಾನ್ಯವಾಗಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಸುಮಾರಿಗೆ ಗ್ರಾಮಸಭೆ ನಡೆಯುತ್ತದೆ. ಅದಕ್ಕೆ ಮೊದಲು ನಿಮ್ಮ ಎಣಿಕೆಯ ಹಾಳೆ ಅವರ ಕೈಯಲ್ಲಿದ್ದರೆ ಸಭೆಯಲ್ಲಿ ಠರಾವ್ ಆಗಬಹುದು. ಠರಾವ್ ಅಂದರೆ ನಿರ್ಣಯ. ಅದರ ನಕಲು ನಿಮ್ಮ ಮನವಿಗೆ ಸೇರಿದರೆ "ಇದು ನಾಲ್ಕು ಜನರ ಮಾತು" ಅಂತ ಯಾರೂ ತಳ್ಳಿಹಾಕಲಾಗುವುದಿಲ್ಲ. ಶೆಡ್ಡಿನಲ್ಲಿರುವವರ ಕಷ್ಟವನ್ನೂ ಅದೇ ಠರಾವಿನಲ್ಲಿ ಸೇರಿಸಿ ಅಂತ ಕೇಳಿಕೊಳ್ಳಿ. ದಾಟುವ ಜಾಗ ಇಬ್ಬರಿಗೂ ಒಂದೇ ಆಗಿರುವುದರಿಂದ ಬಹಳ ಕಡೆ ಒಪ್ಪುತ್ತಾರೆ.

ಚುನಾವಣೆ ಘೋಷಣೆ ಆಗಿದ್ದರೆ ಈ ಹಂತವನ್ನು ಮುಂದೆ ಹಾಕಿ. ನೀತಿ ಸಂಹಿತೆ ಇರುವಾಗ ಹೊಸ ಕೆಲಸದ ಮಾತು ಯಾವ ಅಧಿಕಾರಿಯೂ ಆಡುವುದಿಲ್ಲ, ನಿಮ್ಮ ಹಾಳೆ ಯಾವುದೋ ಪಕ್ಷದ ಕರಪತ್ರ ಆಗಿಬಿಡುವ ಭಯವೂ ಇದೆ.

8. ಒಟ್ಟು ಮಾಡಿ

ಎಲ್ಲ ಹಾಳೆಗಳನ್ನೂ ಜಾಗದ ಪ್ರಕಾರ ಜೋಡಿಸಿ, ವಿಷಯದ ಪ್ರಕಾರ ಬೇಡ. ಒಂದು ಜಾಗಕ್ಕೆ ಒಂದು ಪುಟ. ಮೇಲೆ ಕಿಲೋಮೀಟರ್ ಕಲ್ಲಿನ ನಂಬರು, ಅದರ ಕೆಳಗೆ ಎಣಿಕೆ, ಆಮೇಲೆ ಜನ ಹೇಳಿದ ಮೂರು ನಾಲ್ಕು ಮಾತು ಅವರದೇ ಶಬ್ದದಲ್ಲಿ, ಒಂದು ಫೋಟೊ, ಕೊನೆಗೆ ಇದು ಯಾವ ಕಚೇರಿಯ ಕೆಲಸ ಅನ್ನುವುದು. ಸರಾಸರಿ ತೆಗೆಯುವ ಆಸೆ ಬೇಡ. ಹತ್ತು ಜನ ಐದು ನಿಮಿಷ ಕಾದು, ಇಬ್ಬರು ಎರಡು ಗಂಟೆ ಕಾದಿದ್ದರೆ ಸರಾಸರಿಯಲ್ಲಿ ಆ ಇಬ್ಬರೂ ಮಾಯ. ನಿಮಗೆ ಬೇಕಾಗಿರುವುದು ಆ ಇಬ್ಬರೇ.

ಚಿಕ್ಕ ಕೆಲಸ, ದೊಡ್ಡ ಕೆಲಸ ಅಂತ ಎರಡು ಪಟ್ಟಿ ಮಾಡಿ. ಲೈಟು, ಬಸ್ಸಿಗೆ ವಿನಂತಿ ಥಾಂಬಾ (ಕೈ ತೋರಿಸಿದರೆ ನಿಲ್ಲಿಸುವ ನಿಲ್ದಾಣ), ಅಂಡರ್‌ಪಾಸಿನ ನೀರು, ಇವು ಚಿಕ್ಕವು, ಬೇಗ ಆಗುವಂಥವು. ಪಾದಚಾರಿ ಸೇತುವೆ, ಸರ್ವಿಸ್ ರೋಡ್ ದೊಡ್ಡವು, ವರ್ಷಗಟ್ಟಲೆ ಹಿಡಿಯುತ್ತವೆ. ಎರಡನ್ನೂ ಒಂದೇ ಕಾಗದದಲ್ಲಿ ತುಂಬಿದರೆ ಚಿಕ್ಕದೂ ದೊಡ್ಡದರ ಜೊತೆ ಮೂಲೆ ಸೇರುತ್ತದೆ.

9. ಕೊಡುವುದು

ಪ್ರತಿ ಕಚೇರಿಗೆ ಬೇರೆ ಬೇರೆ ಪತ್ರ, ಎರಡು ಪುಟ ದಾಟದಂತೆ, ಹಿಂದೆ ಜಾಗದ ಹಾಳೆಗಳು. ಮರಾಠಿಯಲ್ಲಿ ಇದಕ್ಕೆ ನಿವೇದನ್ ಅನ್ನುತ್ತಾರೆ. ಕಚೇರಿಯ ಆವಕ್-ಜಾವಕ್ (ಬರುವ ಹೋಗುವ ಕಾಗದ ದಾಖಲಿಸುವ) ಟೇಬಲ್ಲಿಗೆ ಕೊಟ್ಟು ನಿಮ್ಮ ನಕಲಿನ ಮೇಲೆ ಸಿಕ್ಕಾ (ಮುದ್ರೆ), ತಾರೀಕು, ನಂಬರು ಹಾಕಿಸಿಕೊಳ್ಳಿ. ಅದೇ "ಪೋಚ್". ಸಾಹೇಬರ ಕೈಗೇ ಕೊಟ್ಟೆವು, ಫೋಟೊ ತೆಗೆಸಿಕೊಂಡೆವು ಅಂತ ಸಂತೋಷಪಟ್ಟು ಪೋಚ್ ಮರೆತು ಬಂದರೆ, ಕಾಗದ ಕೊಟ್ಟಿದ್ದಕ್ಕೆ ಸಾಕ್ಷಿಯೇ ಇಲ್ಲ.

ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರಕ್ಕಾದರೆ ಕೇಂದ್ರದಲ್ಲಿ, ರಾಜ್ಯಕ್ಕಾದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕಿದೆ. ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದು. ಹಾಗಾಗಿ ಜನರ ಕನ್ನಡದ ಮಾತುಗಳನ್ನು ಹಾಗೇ ಸೇರಿಸಲು ಹಿಂಜರಿಯಬೇಡಿ. ಆದರೆ ಮೇಲಿನ ಪತ್ರ ಮರಾಠಿಯಲ್ಲೋ ಹಿಂದಿಯಲ್ಲೋ ಇದ್ದರೆ ಓದುವವರಿಗೆ ಸುಲಭ, ನಮಗೆ ಬೇಕಾಗಿರುವುದು ಅವರು ಓದುವುದು.

ಅಪಘಾತದ ಜಾಗದ ಹಾಳೆಗಳ ನಕಲನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ, ಕಲೆಕ್ಟರ್ ಕಚೇರಿಯಲ್ಲಿ ಸ್ವೀಕರಿಸುತ್ತಾರೆ. ಸಂಸದರಿಗೆ, ಶಾಸಕರಿಗೆ ಒಂದೊಂದು ಪ್ರತಿ ಇರಲಿ. ರಸ್ತೆಯಲ್ಲಿ ಲಾರಿ ಕೆಟ್ಟು ನಿಂತಿದೆ, ಅಪಘಾತ ಆಗಿದೆ ಅನ್ನುವಂಥ ತಕ್ಷಣದ ವಿಷಯಕ್ಕೆ ಹೆದ್ದಾರಿ ಸಹಾಯವಾಣಿ 1033 ಇದೆ, ಗುಂಡಿಯ ಫೋಟೊ ಹಾಕಲು ರಾಜಮಾರ್ಗಯಾತ್ರಾ ಆ್ಯಪ್ ಇದೆ. ಹೊಸ ಸೇತುವೆಯ ಬೇಡಿಕೆಯನ್ನು ಅಲ್ಲಿ ಹಾಕಿದರೆ ಉಪಯೋಗ ಇಲ್ಲ.

10. ತಿರುಗಿ ಹೋಗಿ

30 ದಿನಕ್ಕೆ ಉತ್ತರ ಬರದಿದ್ದರೆ ಪೋಚ್ ನಂಬರು ಹಾಕಿ ನೆನಪಿನ ಪತ್ರ. ಆಮೇಲೂ ಇಲ್ಲದಿದ್ದರೆ ಅದೇ ನಂಬರಿನ ಮೇಲೆ ಏನು ಕ್ರಮ ಆಯಿತು ಅಂತ ಮಾಹಿತಿ ಹಕ್ಕಿನ ಅರ್ಜಿ.

ಮಾತಾಡಿಸಿದ ಜನರ ಹತ್ತಿರವೂ ತಿರುಗಿ ಹೋಗಲೇಬೇಕು. ಪ್ರತಿ ನಿಲ್ದಾಣದ ಚಹಾ ಅಂಗಡಿಯಲ್ಲಿ, ಶೆಡ್ಡಿನ ಗೋಡೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಒಂದು ಹಾಳೆ ಅಂಟಿಸಿ: ಏನು ಕೊಟ್ಟೆವು, ಯಾರಿಗೆ, ಯಾವ ತಾರೀಕು, ಏನು ಉತ್ತರ ಬಂತು. ಓದಲು ಬಾರದವರಿಗೆ ನಿಂತು ಓದಿ ಹೇಳಿ. ಲೈಟು ಹಾಕಿದ್ದರೆ ಅದನ್ನೂ ಬರೆಯಿರಿ, ಏನೂ ಆಗದಿದ್ದರೆ ಆಗಿಲ್ಲ ಅಂತಲೇ ಬರೆಯಿರಿ. ಕೂಲಿಯವರು ಆರು ತಿಂಗಳಿಗೆ ಸೈಟ್ ಬದಲಿಸುತ್ತಾರೆ, ಆದ್ದರಿಂದ ಈ ಹಾಳೆ ಎರಡು ತಿಂಗಳೊಳಗೆ ಗೋಡೆ ಮೇಲೆ ಬರಲಿ. ಮುಂದಿನ ಎಣಿಕೆಯನ್ನು ಕಬ್ಬಿನ ಹಂಗಾಮಿನಲ್ಲಿ, ಅದೇ ಜಾಗ, ಅದೇ ಗಂಟೆ, ಅದೇ ಕಾಲಂ ಇಟ್ಟುಕೊಂಡು ಮಾಡಿ. ಆಗ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.